ಎನ್‌ವಿಡಿಎ

ವಿಂಡೋಸ್ ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ, ಬೇಕಾದರೆ ಬ್ರೈಲ್ ಫಲಕಕ್ಕೂ ಕಳಿಸುವ ಉಚಿತ, ಮುಕ್ತ ತಂತ್ರಾಂಶ. ಪೂರ್ಣ ಹೆಸರು ನಾನ್‌ವಿಷುಯಲ್ ಡೆಸ್ಕ್‌ಟಾಪ್ ಆಕ್ಸೆಸ್. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಬರೆಯತೊಡಗಿದರು. ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಅಂಧರು. ಆಗ ಮಾರುಕಟ್ಟೆಯಲ್ಲಿದ್ದ ಹೆಸರಾಂತ ಪರದೆವಾಚಕಗಳು ಕಂಪ್ಯೂಟರಿಗಿಂತಲೂ ದುಬಾರಿಯಾಗಿದ್ದುದೇ ಇದರ ಹುಟ್ಟಿಗೆ ಕಾರಣ.

ಬಳಕೆಗೆ ಮೌಸ್ ಬೇಕಿಲ್ಲ. ಕಂಟ್ರೋಲ್, ಆಲ್ಟ್, ಎನ್ ಒಟ್ಟಿಗೆ ಒತ್ತಿದರೆ ತಂತ್ರಾಂಶ ಶುರುವಾಗುತ್ತದೆ. ಇನ್ಸರ್ಟ್ ಕೀಲಿಯೊಂದಿಗೆ ಟಿ ಒತ್ತಿದರೆ ಕಿಟಕಿಯ ಶೀರ್ಷಿಕೆ ಕೇಳುತ್ತದೆ. ಜಾಲಪುಟದಲ್ಲಿ ಎಚ್ ಒತ್ತುತ್ತ ಹೋದರೆ ತಲೆಬರಹದಿಂದ ತಲೆಬರಹಕ್ಕೆ, ಕೆ ಒತ್ತಿದರೆ ಕೊಂಡಿಯಿಂದ ಕೊಂಡಿಗೆ ಜಿಗಿಯಬಹುದು. ಮಾತು ಸಾಕೆನಿಸಿದರೆ ಕಂಟ್ರೋಲ್ ಒಂದನ್ನೇ ಒತ್ತಿದರಾಯಿತು. ಪಳಗಿದವರು ಓದಿನ ವೇಗವನ್ನು ಎಷ್ಟು ಏರಿಸಿಕೊಂಡಿರುತ್ತಾರೆಂದರೆ, ಪಕ್ಕದಲ್ಲಿ ಕೂತವರಿಗೆ ಒಂದಕ್ಷರವೂ ತಿಳಿಯುವುದಿಲ್ಲ.

ಜೊತೆಗೇ ಬರುವ ಇಸ್ಪೀಕ್ ಧ್ವನಿಯಂತ್ರ ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಾಂತ್ರಿಕ, ಆದರೂ ಕೆಲಸ ನಡೆಯುತ್ತದೆ. ನಿಜವಾದ ತೊಡಕು ಬೇರೆ: ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳ ಕಡತಗಳು. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ದಾಖಲಾಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಪರದೆವಾಚಕ ಅದನ್ನೇ ಅರ್ಥವಿಲ್ಲದೆ ಒದರುತ್ತದೆ. ಅಂಥ ಕಡತವನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು. ಸ್ಕ್ಯಾನ್ ಮಾಡಿದ ಪುಟಗಳಿಗೆ ಅಕ್ಷರ ಗುರುತಿಸುವ ತಂತ್ರಾಂಶವೇ ಬೇಕು.