ಸ್ಕ್ಯಾನರ್ ಮಲಗೋ ಜಾಗ

ಬಾರ್‌ಕೋಡ್ ಇತಿಹಾಸ ಹೇಳೋರೆಲ್ಲ ಮಿಯಾಮಿ ಬೀಚಿನಿಂದಲೇ ಶುರು ಮಾಡ್ತಾರೆ. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಅನ್ನೋ ಎಂಜಿನಿಯರ್ ಅಲ್ಲಿ ಮರಳಲ್ಲಿ ಬೆರಳಾಡಿಸ್ತಾ ಕೂತಿದ್ದ. ಮೋರ್ಸ್ ಕೋಡಿನ ಚುಕ್ಕೆ ಮತ್ತು ಗೀಟುಗಳನ್ನ ಹಾಗೇ ಕೆಳಕ್ಕೆ ಎಳೆದರೆ ದಪ್ಪ ಸಣ್ಣ ಗೆರೆಗಳಾಗ್ತವಲ್ಲ ಅಂತ ಹೊಳೀತು. ಗೆಳೆಯ ಬರ್ನಾರ್ಡ್ ಸಿಲ್ವರ್ ಜೊತೆ ಸೇರಿ 1949ರಲ್ಲಿ ಅರ್ಜಿ ಹಾಕಿದ, 1952ರಲ್ಲಿ ಪೇಟೆಂಟ್ ಸಿಕ್ತು. ಆಮೇಲೆ ಕಥೆ ಸೀದಾ 1974ರ ಜೂನ್ 26ಕ್ಕೆ ಹಾರುತ್ತೆ. ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕೆಟ್, ಒಂದು 'ಬೀಪ್'. ಅಲ್ಲಿಗೆ ಕಥೆ ಮುಗೀತು, ಎಲ್ಲರೂ ಚಪ್ಪಾಳೆ ಹೊಡೀತಾರೆ.

ನಾನು ಗೋಡೌನ್‌ಗಳಿಗೆ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನು. ಬೀಪ್ ಶಬ್ದದ ಇತಿಹಾಸ ನನಗೂ ಇಷ್ಟಾನೇ. ಆದ್ರೆ ಅದರಲ್ಲಿ ಒಂದು ಪ್ರಶ್ನೆಗೆ ಜಾಗ ಸಿಕ್ಕಿದ್ದನ್ನ ನಾನು ನೋಡಿಲ್ಲ: ಶಿಫ್ಟ್ ಮುಗಿದ ಮೇಲೆ ಆ ಸ್ಕ್ಯಾನರ್ ಎಲ್ಲಿಗೆ ಹೋಗುತ್ತೆ? ಯಾರು ಅದನ್ನ ಚಾರ್ಜಿಗೆ ಹಾಕ್ತಾರೆ? ಬೆಳಿಗ್ಗೆ ಆರಕ್ಕೆ ಬಂದ ಹುಡುಗನ ಕೈಗೆ ಸತ್ತ ಮಷೀನ್ ಸಿಕ್ಕರೆ ಬೈಸ್ಕೊಳ್ಳೋದು ಯಾರು?

1974ರಲ್ಲಿ ಈ ಪ್ರಶ್ನೆ ಇರಲೇ ಇಲ್ಲ. ಟ್ರಾಯ್ ಊರಿನ ಸ್ಕ್ಯಾನರ್ ಕೌಂಟರಿನ ಒಳಗೇ ಕೂತಿತ್ತು. ವಸ್ತುವೇ ಅದರ ಮುಂದೆ ಬರಬೇಕಿತ್ತು. ಪ್ಲಗ್ ಗೋಡೇಲಿತ್ತು, ಮಷೀನ್ ಮೇಜಿನಲ್ಲಿತ್ತು, ಕಳೆದುಹೋಗೋ ಮಾತೇ ಇಲ್ಲ. 1980ರಲ್ಲಿ ಸಿಂಬಲ್ ಟೆಕ್ನಾಲಜೀಸ್ ಕಂಪನಿ ಎಲ್‌ಎಸ್-7000 ಅನ್ನೋ ಪಿಸ್ತೂಲಿನಾಕಾರದ ಲೇಸರ್ ಸ್ಕ್ಯಾನರ್ ತಂತು. ಆಗ ಸ್ಕ್ಯಾನರ್ ಮನುಷ್ಯನ ಕೈಗೆ ಬಂತು. ಆದ್ರೂ ಬಾಲದಲ್ಲಿ ವೈರ್ ಇತ್ತು, ಕಟ್ಟಿ ಹಾಕಿದ ಎಮ್ಮೆ ತರ ಹಗ್ಗದಷ್ಟು ದೂರ ಮಾತ್ರ ಓಡಾಟ. ನಂತರದ ವರ್ಷಗಳಲ್ಲಿ ಒಳಗೆ ಬ್ಯಾಟರಿ, ರೇಡಿಯೋ ಎರಡೂ ಸೇರಿಕೊಂಡು ವೈರ್ ಹೋಯ್ತು. ಎಲ್ಲರೂ ಅದನ್ನ ಸ್ವಾತಂತ್ರ್ಯ ಅಂದ್ರು. ಹಗ್ಗ ಬಿಚ್ಚಿದ ಎಮ್ಮೆಗೆ ಕೊಟ್ಟಿಗೆ ಬೇಕು, ಮೇವು ಬೇಕು, ಸಂಜೆ ಎಣಿಸೋ ಒಬ್ಬ ಮನುಷ್ಯ ಬೇಕು. ಅದರ ಬಗ್ಗೆ ಯಾರೂ ಯೋಚಿಸಲಿಲ್ಲ.

ಹಾಗಂತ ಇದು ಹೊಸ ಸಮಸ್ಯೆಯೇನಲ್ಲ. ನಮಗಿಂತ ಮುಂಚೆ ಇದನ್ನ ಬಗೆಹರಿಸಿಕೊಂಡೋರು ಗಣಿಯವರು.

ಗಣಿ ಕೆಲಸದಲ್ಲಿ ದೀಪ ಅಂದ್ರೆ ಜೀವ. 1815ರಲ್ಲಿ ಹಂಫ್ರಿ ಡೇವಿ ಸುರಕ್ಷಾ ದೀಪ ಮಾಡಿದ. ದೀಪ ಒಳ್ಳೇದಿದ್ರೆ ಸಾಲದು, ಅದನ್ನ ದಿನಾ ನೋಡೋ ಕಣ್ಣೂ ಬೇಕು ಅನ್ನೋದು ಬರಬರುತ್ತಾ ಗೊತ್ತಾಯ್ತು. 1872ರ ಬ್ರಿಟಿಷ್ ಕಲ್ಲಿದ್ದಲು ಗಣಿ ಕಾನೂನು ಇದನ್ನೇ ನಿಯಮ ಮಾಡಿತು: ಸುರಕ್ಷಾ ದೀಪ ಬಳಸಲೇಬೇಕಾದ ಕಡೆ, ಅದಕ್ಕಂತಲೇ ನೇಮಕವಾದ ವ್ಯಕ್ತಿ ದೀಪವನ್ನ ಪರೀಕ್ಷಿಸಿ, ಬೀಗ ಹಾಕಿದ ಮೇಲೆಯೇ ಅದು ಒಳಗೆ ಹೋಗಬೇಕು. ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಎಡಿಸನ್ ಬ್ಯಾಟರಿ ದೀಪ ತಂದ. ಸೊಂಟಕ್ಕೆ ಬ್ಯಾಟರಿ, ತಲೆ ಮೇಲೆ ಬಲ್ಬ್. ಅಲ್ಲಿಂದ ಗಣಿಗಳ ಲ್ಯಾಂಪ್ ರೂಮ್ ಒಂದು ಚಾರ್ಜಿಂಗ್ ರೂಮ್ ಆಯ್ತು. ಸಾಲು ಸಾಲು ರ‍್ಯಾಕ್, ಪ್ರತಿ ದೀಪಕ್ಕೆ ನಂಬರ್, ಪ್ರತಿ ನಂಬರಿಗೆ ಒಬ್ಬ ಮನುಷ್ಯ, ಅವನಿಗೊಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ಕೊಟ್ಟು ದೀಪ ತಗೋ, ದೀಪ ಕೊಟ್ಟು ಬಿಲ್ಲೆ ತಗೋ.

ಈ ಏರ್ಪಾಟಿನ ಜಾಣ್ಮೆ ನೋಡ್ರಿ. ಶಿಫ್ಟ್ ಮುಗಿದ ಮೇಲೂ ರ‍್ಯಾಕಿನಲ್ಲಿ ಒಂದು ಗೂಡು ಖಾಲಿ ಇದ್ರೆ, ಒಬ್ಬ ಮನುಷ್ಯ ಇನ್ನೂ ನೆಲದ ಕೆಳಗಿದ್ದಾನೆ ಅಂತ ಅರ್ಥ. ಚಾರ್ಜಿಂಗ್ ರ‍್ಯಾಕೇ ಹಾಜರಿ ಪುಸ್ತಕ.

ಇದೆಲ್ಲ ದೂರದ ಮಾತಲ್ಲ. ಕಲಬುರಗಿಯಿಂದ ದಕ್ಷಿಣಕ್ಕೆ, ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ನಿಜಾಮರ ಕಾಲ ಮುಗಿಯೋ ಹೊತ್ತಿಗೆ, 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಅನ್ನೋ ಹೆಸರಲ್ಲಿ ಶುರುವಾದ ಕಂಪನಿ ಅದು. ಅಲ್ಲಿಯ ಕಾರ್ಮಿಕರು ಇವತ್ತಿಗೂ ಹೆಲ್ಮೆಟ್ಟಿಗೆ ಚಾರ್ಜಾದ ದೀಪ ಸಿಗಿಸಿಕೊಂಡೇ ಕೆಳಗಿಳೀತಾರೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅನ್ನೋದು ಅವರಿಗೆ ಅನುಕೂಲದ ಪ್ರಶ್ನೆ ಅಲ್ಲ.

ಇನ್ನು ನಮ್ಮ ಕಲಬುರಗಿಗೇ ಬರೋಣ. ಇಲ್ಲಿಯವರು ದಿನಾ ನೋಡೋ ಕೈ ಮಷೀನ್ ಯಾವುದು? ಬಸ್ ಕಂಡಕ್ಟರ್ ಕೊರಳಲ್ಲಿರೋ ಟಿಕೆಟ್ ಮಷೀನ್.

ಈ ಸೀಮೆಯ ಸರ್ಕಾರಿ ಬಸ್ಸಿನ ಮೂಲ ನಿಜಾಮರ ರೈಲ್ವೆಯಲ್ಲಿದೆ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆ ತನ್ನ ರಸ್ತೆ ಸಾರಿಗೆ ವಿಭಾಗವನ್ನ 27 ಬಸ್ಸುಗಳಿಂದ ಶುರು ಮಾಡಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ, 1961ರಲ್ಲಿ ಸಾರಿಗೆ ನಿಗಮ ಆಯ್ತು, 2000ದಲ್ಲಿ ಕಲಬುರಗಿಯೇ ಕೇಂದ್ರವಾಗಿ ಈಶಾನ್ಯ ಸಾರಿಗೆ ಬೇರೆಯಾಯ್ತು. ಅದೇ ಇವತ್ತಿನ ಕಲ್ಯಾಣ ಕರ್ನಾಟಕ ಸಾರಿಗೆ.

ಬಹಳ ಕಾಲ ಕಂಡಕ್ಟರ್ ಹತ್ರ ಇದ್ದದ್ದು ಟಿಕೆಟ್ ಕಟ್ಟು, ಚರ್ಮದ ಚೀಲ, ಕಿವಿ ಮೇಲೆ ಪೆನ್ನು, ಮತ್ತು ವೇ ಬಿಲ್. ಒಂದೊಂದು ದರಕ್ಕೆ ಒಂದೊಂದು ಬಣ್ಣದ ಟಿಕೆಟ್. ಸ್ಟೇಜ್ ಬಂದಾಗ ಕೊನೇ ಟಿಕೆಟ್ಟಿನ ನಂಬರ್ ಬರೆದುಕೊಳ್ಳೋದು. ನಮ್ಮೂರು ನಂದೂರಿನ ದಾರೀಲಿ ಬಸ್ಸು ಕುಲುಕಾಡೋವಾಗ ಅದೇ ಕಂಡಕ್ಟರ್ ಕಂಬಕ್ಕೆ ಬೆನ್ನು ಕೊಟ್ಟು ನಂಬರ್ ಬರೀತಿದ್ದದ್ದು ನನಗಿನ್ನೂ ನೆನಪಿದೆ. ಕಾಗದಕ್ಕೆ ಚಾರ್ಜ್ ಬೇಕಿರಲಿಲ್ಲ. ಮಳೇಲಿ ನೆನೀಬಹುದು, ಎಣಿಕೆ ತಪ್ಪಬಹುದು. ಆದ್ರೆ ಮಧ್ಯದಾರೀಲಿ "ನನ್ನ ಕೈಲಾಗಲ್ಲ" ಅಂತ ಕಣ್ಣು ಮುಚ್ಚೋ ಗುಣ ಅದಕ್ಕಿರಲಿಲ್ಲ.

ಆಮೇಲೆ ಇಟಿಎಂ ಬಂತು. ಡಿಪೋದ ದಿನಚರಿ ಬದಲಾಯ್ತು. ಡ್ಯೂಟಿಗೆ ಬರುವಾಗ ಮಷೀನ್ ತಗೊಳ್ಳೋದು, ಇಳಿಯುವಾಗ ದುಡ್ಡಿನ ಜೊತೆ ಮಷೀನೂ ಒಪ್ಪಿಸೋದು, ಲೆಕ್ಕ ಕಂಪ್ಯೂಟರಿಗೆ ಇಳಿಯೋದು, ಮಷೀನ್ ಚಾರ್ಜಿಗೆ ಹೋಗೋದು. ನೋಡಿದ್ರೆ ಇದು ಗಣಿಯ ಲ್ಯಾಂಪ್ ರೂಮಿನದೇ ತಮ್ಮ. ಮಷೀನ್ ಕೈ ಕೊಟ್ಟರೆ ಇರಲಿ ಅಂತ ಅಚ್ಚು ಹಾಕಿದ ಟಿಕೆಟ್ ಕಟ್ಟನ್ನೂ ಜೊತೇಲಿ ಕೊಡ್ತಾರೆ. ಈ ವಿಷಯದಲ್ಲಿ ನಮ್ಮ ಸ್ಟಾರ್ಟ್ಅಪ್‌ಗಳಿಗಿಂತ ಡಿಪೋ ಬುದ್ಧಿವಂತ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಈ ಚಾರ್ಜಿನ ಬೆಲೆ ಇನ್ನೂ ಹೆಚ್ಚಿತು. ಹೆಣ್ಣುಮಕ್ಕಳ ಪ್ರಯಾಣ ಉಚಿತ, ಆದ್ರೂ ಅವರಿಗೆ ಟಿಕೆಟ್ ಕೊಡಲೇಬೇಕು. ಶೂನ್ಯ ಟಿಕೆಟ್. ಆ ಸೊನ್ನೆಗಳ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡೋದು. ದುಡ್ಡು ಕೈ ಬದಲಾಗದ ಟಿಕೆಟ್ಟಿಗೂ ಮಷೀನ್ ಎಚ್ಚರ ಇರಬೇಕು. ತುಂಬಿದ ಬಸ್ಸಿನಲ್ಲಿ ಅದು ಸತ್ತರೆ ಕಟ್ಟು ಬಿಚ್ಚಿ, ಎಣಿಸಿ, ಬರೆದು ಒದ್ದಾಡೋನು ಕಂಡಕ್ಟರ್. ತನಿಖೆಯವರು ಹತ್ತಿದ್ರೆ ಉತ್ತರ ಕೊಡೋನೂ ಅವನೇ. "ಚಾರ್ಜ್ ಇಲ್ಲಂದ್ರ ನಾ ಏನ್ ಮಾಡ್ಲಿ ಹೇಳ್ರಿ?" ಅನ್ನೋ ಮಾತು ನ್ಯಾಯವಾದದ್ದೇ. ಆದ್ರೆ ಅದನ್ನ ಬರೆಯೋಕೆ ವೇ ಬಿಲ್ಲಿನಲ್ಲಿ ಜಾಗ ಇಲ್ಲ.

ಈಗ ಗೋಡೌನ್. ಭಾರತದಲ್ಲಿ ಬಾರ್‌ಕೋಡ್ ನಂಬರ್ ಹಂಚೋ ಸಂಸ್ಥೆ ಜಿಎಸ್1 ಇಂಡಿಯಾ 1996ರಲ್ಲಿ ಹುಟ್ಟಿತು. ಅದು ಕೊಡೋ ನಂಬರುಗಳೆಲ್ಲ 890ರಿಂದ ಶುರು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ತು. ಆ ಬೇಳೆ ಪ್ಯಾಕೆಟ್ಟಾಗಿ ಬೆಂಗಳೂರಿನ ನಿಮ್ಮ ಅಡುಗೆಮನೆಗೆ ಬರೋದ್ರೊಳಗೆ ಎಷ್ಟೋ ಕೈ ಸ್ಕ್ಯಾನರ್‌ಗಳ ಮುಂದೆ ಹಾದಿರುತ್ತೆ. ನೀವು ಆ್ಯಪಲ್ಲಿ ಒತ್ತಿದ ಹತ್ತೇ ನಿಮಿಷಕ್ಕೆ ಬಂತು ಅಂದ್ರೆ, ಯಾರದೋ ಕೈಯ ಮಷೀನಲ್ಲಿ ಆ ಹೊತ್ತಿಗೆ ಚಾರ್ಜ್ ಇತ್ತು ಅಂತಲೇ ಅರ್ಥ.

ಹಿಂದೆ ನಾನು ಸಾಫ್ಟ್‌ವೇರ್ ಹಾಕಿಕೊಟ್ಟ ಒಂದು ಗೋಡೌನಿನಲ್ಲಿ ಸ್ಕ್ಯಾನರ್‌ಗಳಿಗಿಂತ ತೊಟ್ಟಿಲುಗಳು ಕಡಿಮೆ ಇದ್ದವು. ತೊಟ್ಟಿಲು ಅಂದ್ರೆ ಚಾರ್ಜಿಂಗ್ ಡಾಕ್. ಇಂಗ್ಲಿಷಿನಲ್ಲೂ ಅದಕ್ಕೆ ತೊಟ್ಟಿಲು ಅನ್ನೋ ಹೆಸರೇ ಇದೆ. ಜಾಗ ಸಿಗದ ಮಷೀನ್‌ಗಳು ಮೇಜಿನ ಮೇಲೆ ರಾತ್ರಿಯಿಡೀ ಉಪವಾಸ. ಯಾವ ಮಷೀನಿನ ಬ್ಯಾಟರಿ ಗಟ್ಟಿ ಅಂತ ಹಳೇ ಹುಡುಗರಿಗೆ ಗೊತ್ತಿತ್ತು. ಅದನ್ನ ಖಾಲಿ ರಟ್ಟಿನ ಡಬ್ಬಿಯ ಹಿಂದೆ, ಲಾಕರಿನೊಳಗೆ ಬಚ್ಚಿಡ್ತಿದ್ರು. ಮ್ಯಾನೇಜರ್ ಅದಕ್ಕೆ 'ಶಿಸ್ತಿಲ್ಲ' ಅಂತಿದ್ದ. ಆದ್ರೆ ಆ ಹುಡುಗರು ಗಂಟೆಗೆ ಎಷ್ಟು ವಸ್ತು ತೆಗೆದ್ರು ಅಂತ ಎಣಿಸೋದು ಅದೇ ಸ್ಕ್ಯಾನರ್. ಅದು ಸತ್ತ ಹದಿನೈದು ನಿಮಿಷ ಪರದೆ ಮೇಲೆ ಹುಡುಗನ ಸೋಮಾರಿತನವಾಗಿ ಕಾಣುತ್ತೆ. ಬ್ಯಾಟರಿ ಖಾಲಿಯಾಗಿತ್ತು ಅಂತ ಹೇಳೋ ಕಾಲಂ ರಿಪೋರ್ಟಿನಲ್ಲಿರಲ್ಲ. ಹೀಗಿದ್ದಾಗ ಒಳ್ಳೇ ಮಷೀನ್ ಬಚ್ಚಿಡೋದು ಕಳ್ಳತನ ಹೇಗಾಗುತ್ತೆ? ಅದು ಅವನು ತಾನೇ ಮಾಡಿಕೊಂಡ ವಿಮೆ.

ಬ್ಯಾಟರಿಯದೂ ಒಂದು ಇತಿಹಾಸ ಇದೆ, ಅದೂ ಇಲ್ಲಿ ಕೆಲಸ ಮಾಡ್ತಿದೆ. ಮೊದಮೊದಲ ಕೈ ಮಷೀನ್‌ಗಳಲ್ಲಿ ಇರ್ತಿದ್ದದ್ದು ನಿಕಲ್-ಕ್ಯಾಡ್ಮಿಯಂ, 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕಂಡುಹಿಡಿದದ್ದು. ಪದೇ ಪದೇ ಅರ್ಧಕ್ಕೇ ಚಾರ್ಜಿಗೆ ಹಾಕಿದ್ರೆ ಅದು ಅರ್ಧಕ್ಕೇ ಸುಸ್ತಾಗೋದನ್ನ ಕಲಿಯುತ್ತೆ ಅಂತ ಹೇಳ್ತಿದ್ರು. ಅದಕ್ಕೇ 'ಪೂರ್ತಿ ಖಾಲಿ ಆಗಲಿ, ಆಮೇಲೆ ಹಾಕು' ಅನ್ನೋ ಬುದ್ಧಿಮಾತು ಹುಟ್ಟಿತು. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ತಂತು. ಅದರ ಸ್ವಭಾವವೇ ಬೇರೆ. ಅದನ್ನ ಪೂರ್ತಿ ಬರಿದು ಮಾಡೋದೇ ಕೆಟ್ಟದ್ದು, ಆಗಾಗ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದ್ರೆ ಖುಷಿ. ತಿಂಗಳುಗಟ್ಟಲೆ ಬಳಸದೆ ಇಡೋದಾದ್ರೆ ಸುಮಾರು ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿಡಬೇಕು. ಬ್ಯಾಟರಿ ಬದಲಾಗಿ ದಶಕಗಳಾದ್ರೂ ಹಳೇ ಬುದ್ಧಿಮಾತು ಮಾತ್ರ ಸೂಪರ್‌ವೈಸರಿಂದ ಸೂಪರ್‌ವೈಸರಿಗೆ ದಾಟ್ತಾನೇ ಇದೆ.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ, ಬಿಸಿಲು. ಬಹಳಷ್ಟು ಸ್ಕ್ಯಾನರ್‌ಗಳ ಕೈಪಿಡೀಲಿ ಚಾರ್ಜ್ ಮಾಡೋ ಉಷ್ಣಾಂಶ 0ಯಿಂದ 40 ಡಿಗ್ರಿ ಅಂತಿರುತ್ತೆ. ಮೇ ತಿಂಗಳ ಕಲಬುರಗಿ 42 ಡಿಗ್ರಿ ದಾಟೋದೇನೂ ಸುದ್ದಿಯಲ್ಲ. ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದಂಥ ಕಡೆ ತಗಡಿನ ಛಾವಣಿ ಕೆಳಗೆ ಮಧ್ಯಾಹ್ನ ಎಷ್ಟಿರುತ್ತೋ ನೀವೇ ಊಹಿಸ್ರಿ. ಅಂಥ ಶಾಖದಲ್ಲಿ ಬುದ್ಧಿ ಇರೋ ತೊಟ್ಟಿಲು ಚಾರ್ಜ್ ಮಾಡೋದನ್ನ ತಾನೇ ನಿಲ್ಲಿಸುತ್ತೆ, ಬ್ಯಾಟರಿ ಉಬ್ಬಬಾರದು ಅಂತ. ಕೆಂಪು ದೀಪ ನೋಡಿದ ಹುಡುಗ ಮಷೀನ್ ಕೆಟ್ಟಿದೆ ಅಂದ್ಕೋತಾನೆ. ಸಂಜೆ ಶಿಫ್ಟಿಗೆ ಅದು ಅರ್ಧ ಹೊಟ್ಟೇಲೇ ಹೋಗುತ್ತೆ. ಮಷೀನ್ ಮಾಡಿದೋರ ಮನಸ್ಸಲ್ಲಿದ್ದದ್ದು ಏಸಿ ಇರೋ ಗೋಡೌನ್. ನಮ್ಮಲ್ಲಿ ಏಸಿ ಇರೋದು ಮ್ಯಾನೇಜರ್ ರೂಮಿಗೆ. ಹಾಗಿದ್ರೆ ತೊಟ್ಟಿಲನ್ನ ಆ ರೂಮಲ್ಲಿಡಿ. ನಾನು ಇದನ್ನ ತಮಾಷೆಗೆ ಹೇಳ್ತಿಲ್ಲ.

ಬೇಕಾಗೋದು ದೊಡ್ಡ ತಂತ್ರಜ್ಞಾನವೇನಲ್ಲ. ಮಷೀನಿಗೊಂದು ನಂಬರ್, ಗೂಡಿಗೊಂದು ನಂಬರ್, ಎರಡೂ ಒಂದೇ. ಮಷೀನ್ ಎಷ್ಟೋ ತೊಟ್ಟಿಲೂ ಅಷ್ಟೇ. ಬ್ಯಾಟರಿ ಮೇಲೆ ಅದು ಬಂದ ತಿಂಗಳು ಬರೆದ ಚೀಟಿ. ಯಾರು ತಗೊಂಡ್ರು, ಎಷ್ಟು ಚಾರ್ಜಿತ್ತು, ಯಾವಾಗ ವಾಪಸ್ ಬಂತು ಅನ್ನೋ ದಾಖಲೆ. ನನ್ನಂಥ ಸಾಫ್ಟ್‌ವೇರಿನವರು ಇಷ್ಟನ್ನ ಒಂದು ವಾರದಲ್ಲಿ ಬರೀಬಹುದು, ಸತ್ತ ಮಷೀನಿನ ನಿಮಿಷಗಳನ್ನ ಹುಡುಗನ ಲೆಕ್ಕದಿಂದ ಕಳೆಯೋ ಒಂದು ಸಾಲನ್ನೂ ಸೇರಿಸಿ. ನಾವು ಬರೆಯೋಕಾಗದ್ದು ಒಂದೇ: ಆ ರ‍್ಯಾಕಿನ ಮುಂದೆ ನಿಲ್ಲೋ ಮನುಷ್ಯ.

ಬಹುತೇಕ ಗೋಡೌನ್‌ಗಳಲ್ಲಿ ಸ್ಕ್ಯಾನರ್ ಚಾರ್ಜಿಗೆ ಹಾಕೋದು 'ಎಲ್ಲರ ಕೆಲಸ'. ಎಲ್ಲರ ಕೆಲಸ ಅಂದ್ರೆ ಯಾರದ್ದೂ ಅಲ್ಲ. ಹತ್ತು ಗಂಟೆ ನಡೆದು ಕಾಲು ಬಿದ್ದುಹೋಗಿ, ಕಂಪನಿ ಬಸ್ಸು ಹೊರಟೇಬಿಡ್ತು ಅನ್ನೋ ಹೊತ್ತಲ್ಲಿ ಅದು ಕೊನೆಗೆ ಉಳಿದವನ ಹೆಗಲಿಗೆ ಬೀಳುತ್ತೆ, ಸಂಬಳ ಇಲ್ಲದ ಐದು ನಿಮಿಷವಾಗಿ. ಗಣಿಯವರು 1872ರಷ್ಟು ಹಿಂದೆಯೇ ಅದಕ್ಕೊಂದು ಹುದ್ದೆ ಕೊಟ್ಟಿದ್ರು. ಅವರಿಗೆ ಆ ಬುದ್ಧಿ ಬರೋಕೆ ಸುಮಾರು ಜೀವ ಹೋಗಿದ್ದವು. ಗೋಡೌನಲ್ಲಿ ಯಾರೂ ಸಾಯಲ್ಲ, ಬಡ ಹುಡುಗನೊಬ್ಬನ ರೇಟಿಂಗ್ ಇಳಿಯುತ್ತೆ ಅಷ್ಟೇ. ಅದಕ್ಕೇ ಇರಬೇಕು, ಯಾರಿಗೂ ಇನ್ನೂ ಅವಸರ ಇಲ್ಲ.