ಒಂದು ಹನಿ ಕಚ್ಚಾತೈಲ ಸಿಗದ ಜಿಲ್ಲೆ, ತೈಲವನ್ನೇ ನಂಬಿದ ಆರ್ಥಿಕತೆ: ದಕ್ಷಿಣ ಕನ್ನಡಕ್ಕೆ ರಿಫೈನರಿ ಕೊಟ್ಟಿದ್ದೇನು, ಪಡೆದಿದ್ದೇನು?

ಮಂಗಳೂರು: ದಕ್ಷಿಣ ಕನ್ನಡದ ನೆಲದಡಿಯಲ್ಲಿ ತೈಲ ಬಾವಿ ಒಂದೂ ಇಲ್ಲ. ಆದರೂ ಸುರತ್ಕಲ್, ಪಣಂಬೂರು, ಕುತ್ತೆತ್ತೂರು, ಪೆರ್ಮುದೆ, ಜೋಕಟ್ಟೆ ಭಾಗದ ಬದುಕು ಕಳೆದ ಮೂರು ದಶಕಗಳಿಂದ ತೈಲದ ಜತೆಗೇ ಹೆಣೆದುಕೊಂಡಿದೆ. ಇಲ್ಲಿನ ಬಾಡಿಗೆ ಮನೆ, ಹೋಟೆಲ್, ಲಾರಿ, ಗುತ್ತಿಗೆ ಕೆಲಸ ಎಲ್ಲಕ್ಕೂ ಅದರ ನಂಟು ಉಂಟು. ಈ ಉದ್ಯಮ ಬೆಳೆದದ್ದು ಹೇಗೆ, ಲಾಭ ಯಾರಿಗೆ, ಭಾರ ಯಾರ ಮೇಲೆ? ಇಲ್ಲಿದೆ ಮಾಹಿತಿ.

ಮೊದಲು ಬಂದದ್ದು ಬಂದರು

ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿ ಸೇರಿತು. ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಎಂಸಿಎಫ್ 1976ರಲ್ಲಿ ಉತ್ಪಾದನೆ ಶುರು ಮಾಡಿತು. ಹಡಗಿನಲ್ಲಿ ಬಂದ ಕಚ್ಚಾತೈಲ ಇಳಿಸುವುದಕ್ಕೆ ಬಂದರು ಇದ್ದ ಕಾರಣಕ್ಕೇ ರಿಫೈನರಿಯೂ ಇಲ್ಲಿಗೆ ಬಂತು.

ಎಚ್‌ಪಿಸಿಎಲ್ ಮತ್ತು ಆದಿತ್ಯ ಬಿರ್ಲಾ ಸಮೂಹ ಸೇರಿ 1988ರಲ್ಲಿ ಎಂಆರ್‌ಪಿಎಲ್ ಸ್ಥಾಪಿಸಿದವು. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಘಟಕ ಆರಂಭವಾಯಿತು. ಆಮೇಲೆ ಕಂಪನಿ ನಷ್ಟದಲ್ಲಿ ಮುಳುಗಿತು. 2003ರಲ್ಲಿ ಬಿರ್ಲಾ ಪಾಲನ್ನು ಒಎನ್‌ಜಿಸಿ ಖರೀದಿಸಿದ ಮೇಲೆ ಚೇತರಿಕೆ ಕಂಡಿತು. ಈಗ ಇದರ ಸಾಮರ್ಥ್ಯ ವರ್ಷಕ್ಕೆ 150 ಲಕ್ಷ ಟನ್. ಅಂದರೆ ದಿನಕ್ಕೆ ಸುಮಾರು 3 ಲಕ್ಷ ಬ್ಯಾರೆಲ್. ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ಎಲ್‌ಪಿಜಿ ಮಾತ್ರವಲ್ಲ, ಪ್ಲಾಸ್ಟಿಕ್ ಉದ್ಯಮಕ್ಕೆ ಬೇಕಾದ ಪಾಲಿಪ್ರೊಪಿಲೀನ್ ಕೂಡ ಇಲ್ಲಿ ತಯಾರಾಗುತ್ತದೆ.

ನೆಲದಡಿಯ ತುರ್ತು ದಾಸ್ತಾನು

ಯುದ್ಧವೋ ಬಿಕ್ಕಟ್ಟೋ ಬಂದು ತೈಲ ಪೂರೈಕೆ ನಿಂತರೆ ಬೇಕಾಗುತ್ತದೆ ಅಂತ ದೇಶ ಕಚ್ಚಾತೈಲವನ್ನು ಬಂಡೆ ಕೊರೆದ ಗುಹೆಗಳಲ್ಲಿ ಕೂಡಿಡುತ್ತದೆ. ಇಂಥ ಮೂರು ಸಂಗ್ರಹಾಗಾರಗಳ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಅದರಲ್ಲಿ ಮಂಗಳೂರಿನದ್ದು 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದ್ದು 25 ಲಕ್ಷ ಟನ್. ಉಳಿದದ್ದು ವಿಶಾಖಪಟ್ಟಣದಲ್ಲಿದೆ. ಅಂದರೆ ದೇಶದ ತುರ್ತು ದಾಸ್ತಾನಿನ ಮುಕ್ಕಾಲು ಭಾಗ ಕರಾವಳಿಯ ಈ ಎರಡು ಜಿಲ್ಲೆಗಳ ಅಡಿಯಲ್ಲೇ ಇದೆ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ ಸಾಮರ್ಥ್ಯದ ಎರಡನೇ ಹಂತಕ್ಕೆ ಕೇಂದ್ರ ಸಂಪುಟ 2021ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿದೆ.

ಪೈಪ್‌ಲೈನ್ ಬಂತು, ಟ್ಯಾಂಕರ್?

ಮಂಗಳೂರಿನಿಂದ ಹಾಸನ ಮಾರ್ಗವಾಗಿ ಬೆಂಗಳೂರಿಗೆ 362 ಕಿ.ಮೀ. ಉದ್ದದ ಪೈಪ್‌ಲೈನ್‌ನಲ್ಲಿ 2003ರಿಂದ ಪೆಟ್ರೋಲ್, ಡೀಸೆಲ್ ಹರಿಯುತ್ತಿದೆ. ಅಡುಗೆ ಅನಿಲ ಸಾಗಿಸಲು ಹಾಸನ, ಮೈಸೂರು ಕಡೆಗೆ ಬೇರೆ ಪೈಪ್‌ಲೈನ್ ಹಾಕಲಾಗಿದೆ. ಇದರಿಂದ ಘಾಟಿಯ ಮೇಲಿನ ಅಪಾಯ ಕಡಿಮೆಯಾಗುತ್ತದೆ ಎಂಬುದು ನಿಜ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ, ಬೆಂಕಿ ಹತ್ತಿ ಹಲವರು ಪ್ರಾಣ ಕಳೆದುಕೊಂಡದ್ದನ್ನು ಆ ಊರಿನವರು ಇನ್ನೂ ಮರೆತಿಲ್ಲ. ಆದರೆ ಬುಲೆಟ್ ಟ್ಯಾಂಕರ್ ಕಡಿಮೆಯಾದಷ್ಟೂ ಚಾಲಕರು, ಕ್ಲೀನರ್‌ಗಳು, ಹೆದ್ದಾರಿ ಬದಿಯ ಹೋಟೆಲ್ ಮತ್ತು ಗ್ಯಾರೇಜಿನವರ ದುಡಿಮೆಯೂ ಕಡಿಮೆಯಾಗುತ್ತದೆ.

ಕೊಚ್ಚಿ–ಮಂಗಳೂರು ನೈಸರ್ಗಿಕ ಅನಿಲ ಪೈಪ್‌ಲೈನ್ 2021ರ ಜನವರಿ 5ರಂದು ಲೋಕಾರ್ಪಣೆಗೊಂಡಿತು. ಉದ್ದ 450 ಕಿ.ಮೀ. ಅದುವರೆಗೆ ನಾಫ್ತಾ ಬಳಸಿ ಯೂರಿಯಾ ಮಾಡುತ್ತಿದ್ದ ಎಂಸಿಎಫ್ ಈಗ ಅನಿಲಕ್ಕೆ ಬದಲಾಗಿದೆ. ಮನೆಗಳಿಗೆ ಪೈಪ್ ಗ್ಯಾಸ್, ವಾಹನಗಳಿಗೆ ಸಿಎನ್‌ಜಿ ಸಿಗುವುದಕ್ಕೂ ಇದೇ ದಾರಿ.

ದುಡ್ಡು ಎಲ್ಲಿ ಓಡಾಡುತ್ತದೆ?

ಕಾಯಂ ನೌಕರರ ಸಂಬಳಕ್ಕಿಂತ ಹೆಚ್ಚು ಜನರಿಗೆ ತಲುಪುವುದು ಗುತ್ತಿಗೆ ಕೆಲಸದ ದುಡ್ಡು. ವೆಲ್ಡರ್, ಫಿಟ್ಟರ್, ಸ್ಕಫೋಲ್ಡಿಂಗ್, ಪೇಂಟಿಂಗ್, ಕ್ಯಾಂಟೀನ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ – ಹೀಗೆ ಪಟ್ಟಿ ಉದ್ದ ಇದೆ. ಘಟಕಗಳನ್ನು ನಿಲ್ಲಿಸಿ ರಿಪೇರಿ ಮಾಡುವ ‘ಶಟ್‌ಡೌನ್’ ಸಮಯದಲ್ಲಿ ಹೊರಗಿನಿಂದಲೂ ಕಾರ್ಮಿಕರು ಬರುತ್ತಾರೆ. ಆಗ ಸುರತ್ಕಲ್ ಸುತ್ತಮುತ್ತ ಬಾಡಿಗೆ ರೂಮ್‌ಗಳು ತುಂಬುತ್ತವೆ, ಹೋಟೆಲ್, ರಿಕ್ಷಾದವರಿಗೂ ಕೆಲಸ ಹೆಚ್ಚಾಗುತ್ತದೆ.

ಆದರೆ ಈ ಉದ್ಯಮದ ಲಾಭ ಸ್ಥಿರ ಅಲ್ಲ. ಎಂಆರ್‌ಪಿಎಲ್ 2023–24ರಲ್ಲಿ ಸುಮಾರು 3,600 ಕೋಟಿ ರೂ. ನಿವ್ವಳ ಲಾಭ ಗಳಿಸಿತ್ತು. ಮರುವರ್ಷವೇ ಅದು 50 ಕೋಟಿ ರೂ. ಆಸುಪಾಸಿಗೆ ಇಳಿಯಿತು. ಕಚ್ಚಾತೈಲದ ದರಕ್ಕೂ ಸಂಸ್ಕರಿಸಿದ ಉತ್ಪನ್ನದ ದರಕ್ಕೂ ಇರುವ ಅಂತರ ಜಾಗತಿಕ ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತದೆ. ಅದು ಕುಸಿದರೆ ಪೆಟ್ಟು ಇಲ್ಲಿಗೂ ತಟ್ಟುತ್ತದೆ. ಕಾನೂನಿನ ಪ್ರಕಾರ ಸಿಎಸ್‌ಆರ್‌ಗೆ ಕೊಡಬೇಕಾದದ್ದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2. ಲಾಭ ಇಳಿದರೆ ಶಾಲೆ, ಆಸ್ಪತ್ರೆಗೆ ಬರುವ ಆ ಹಣವೂ ನಿಧಾನಕ್ಕೆ ಇಳಿಯುತ್ತದೆ. ಲೇಡಿಗೋಷನ್ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ನೆರವು ಬಂದದ್ದು ಇದೇ ನಿಧಿಯಿಂದ.

ಇಲ್ಲೇ ರಿಫೈನರಿ ಇದ್ರೂ ಪೆಟ್ರೋಲ್ ಯಾಕೆ ಅಗ್ಗ ಇಲ್ಲ?

ಬಂಕ್‌ನಲ್ಲಿ ನಿಂತವರು ಕೇಳುವ ಪ್ರಶ್ನೆ ಇದು. ಉತ್ತರ ಸರಳ. ಮೂಲ ದರ ನಿಗದಿಯಾಗುವುದು ಅಂತಾರಾಷ್ಟ್ರೀಯ ಮಾರುಕಟ್ಟೆಯ ಲೆಕ್ಕದಲ್ಲಿ. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ, ಡೀಲರ್ ಕಮಿಷನ್ ಸೇರುತ್ತದೆ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯಿಂದ ಹೊರಗಿವೆ. ಹತ್ತಿರದಲ್ಲಿದ್ದರೆ ಉಳಿಯುವುದು ಸಾಗಾಟ ವೆಚ್ಚದ ಸಣ್ಣ ಮೊತ್ತ ಮಾತ್ರ. ಅಬಕಾರಿ ಸುಂಕ ದಿಲ್ಲಿಗೆ, ಮಾರಾಟ ತೆರಿಗೆ ಬೆಂಗಳೂರಿಗೆ ಹೋಗುತ್ತದೆ. ಜಿಲ್ಲೆಯ ಪಾಲು ಅಂತ ನೇರವಾಗಿ ಇಲ್ಲೇ ಉಳಿಯುವ ಭಾಗ ಇದರಲ್ಲಿ ಇಲ್ಲ.

ಭೂಮಿ, ನೀರು, ಗಾಳಿ

ಬಂದರಿಗೆ ಜಾಗ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋದರು. ರಿಫೈನರಿ, ಎಸ್‌ಇಝಡ್ ಬಂದಾಗಲೂ ಗದ್ದೆ, ತೋಟ, ದೈವಸ್ಥಾನ ಬಿಟ್ಟು ಕುಟುಂಬಗಳು ಎದ್ದು ಹೋಗಬೇಕಾಯಿತು. ಎಸ್‌ಇಝಡ್ ಎರಡನೇ ಹಂತದ ವಿರುದ್ಧ ರೈತರು ಮಾಡಿದ ಹೋರಾಟದ ಫಲವಾಗಿ 2011ರಲ್ಲಿ ಸರಕಾರ ಸುಮಾರು 2,035 ಎಕರೆಯನ್ನು ಅಧಿಸೂಚನೆಯಿಂದ ಕೈಬಿಟ್ಟಿತು.

ನೀರಿನದ್ದು ಇನ್ನೊಂದು ಕಥೆ. 2016ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿದಾಗ ಕುಡಿಯುವ ನೀರಿಗೆ ಆದ್ಯತೆ ಕೊಡಬೇಕಾಗಿ ಬಂದು, ಎಂಆರ್‌ಪಿಎಲ್ ತನ್ನ ಕೆಲವು ಘಟಕಗಳನ್ನೇ ನಿಲ್ಲಿಸಿತು. ಆ ಬಳಿಕ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸಮುದ್ರ ನೀರು ಸಂಸ್ಕರಣಾ ಘಟಕ ಕಟ್ಟಲಾಯಿತು.

ಜೋಕಟ್ಟೆ, ಕಳವಾರು ಭಾಗದವರು ಕೋಕ್ ಮತ್ತು ಸಲ್ಫರ್ ಘಟಕದ ಧೂಳು, ವಾಸನೆ, ಶಬ್ದದ ವಿರುದ್ಧ ವರ್ಷಗಟ್ಟಲೆ ಧರಣಿ ಕೂತರು. ಘಟಕ ಮತ್ತು ಮನೆಗಳ ನಡುವೆ ಹಸಿರು ವಲಯ ಬೇಕು ಎಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಒಳಗೆ ದುಡಿಯುವವರ ಸುರಕ್ಷತೆಯೂ ಅಷ್ಟೇ ದೊಡ್ಡ ವಿಷಯ. 2025ರ ಜುಲೈ 12ರಂದು ವಿಷಾನಿಲ ಸೋರಿಕೆಯಿಂದ ರಿಫೈನರಿಯ ಇಬ್ಬರು ನೌಕರರು ಮೃತಪಟ್ಟರು.

ಮುಂದೇನು?

ಸ್ಥಳೀಯರಿಗೆ ಉದ್ಯೋಗ ಕೊಡಿ ಎಂಬ ಕೂಗು ಪ್ರತಿ ನೇಮಕಾತಿಯ ಹೊತ್ತಿಗೂ ಏಳುತ್ತದೆ. ಕೇಂದ್ರ ಸರಕಾರಿ ಸ್ವಾಮ್ಯದ ಕಂಪನಿಯಾದ ಕಾರಣ ಪರೀಕ್ಷೆ ಅಖಿಲ ಭಾರತ ಮಟ್ಟದ್ದು. ಭೂಮಿ ಕೊಟ್ಟ ಮನೆಯ ಹುಡುಗ ದೇಶದ ಎಲ್ಲರ ಜತೆ ಸ್ಪರ್ಧಿಸಬೇಕು. ವಿದ್ಯುತ್ ವಾಹನಗಳು ಹೆಚ್ಚಿದಂತೆ ಪೆಟ್ರೋಲ್, ಡೀಸೆಲ್ ಬೇಡಿಕೆ ಹೀಗೇ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. ರಿಫೈನರಿಗಳು ಪೆಟ್ರೋಕೆಮಿಕಲ್ ಕಡೆ ವಾಲುತ್ತಿರುವುದು ಅದಕ್ಕೇ. ಆ ಬದಲಾವಣೆಗೆ ಬೇಕಾದ ತರಬೇತಿ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲೇ ಸಿಕ್ಕಿದರೆ ಗೇಟಿನ ಹೊರಗೆ ನಿಂತವರಿಗೂ ಒಳಗೆ ಹೋಗುವ ದಾರಿ ಸಿಕ್ಕೀತು.