ಬಡಗುತಿಟ್ಟಿನ ವೇಷಗಳ ಪ್ರತಿರೂಪ ರಚನೆ: ಬಟ್ಟೆಯ ಮೂಲವನ್ನು ಕುರಿತ ವಿವೇಚನೆ

ಯಕ್ಷಗಾನದ ಚರಿತ್ರೆಯನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಚಾರವಿಮರ್ಶೆಯ ಬಹುಭಾಗ ಪ್ರಸಂಗಸಾಹಿತ್ಯಕ್ಕೂ ಕವಿಗಳ ಕಾಲನಿರ್ಣಯಕ್ಕೂ ಸಂಬಂಧಿಸಿದುದು. ವೇಷಗಳ ಮುಖವರ್ಣಿಕೆಯನ್ನೂ ಕಿರೀಟ ಮುಂಡಾಸುಗಳ ಆಕಾರವನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಆ ವೇಷವನ್ನು ಯಾವ ಬಟ್ಟೆಯಿಂದ ಕಟ್ಟುತ್ತಿದ್ದರು, ಆ ಬಟ್ಟೆಯ ನೂಲು ಯಾವುದು, ಬಣ್ಣ ಯಾವುದು, ಇಂದು ಹಳೆಯ ವೇಷದ ಪ್ರತಿರೂಪವನ್ನು ಸಿದ್ಧಪಡಿಸಹೊರಟವರು ಅಂಥ ಬಟ್ಟೆಯನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗಳಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಪ್ರಸ್ತುತ ಲೇಖನದಲ್ಲಿ ಗಂಗೊಳ್ಳಿ, ಕುಂದಾಪುರ, ಬ್ರಹ್ಮಾವರಗಳ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸಲು ಪ್ರಯತ್ನಿಸುತ್ತೇವೆ.

ಈ ಪರಿಸರವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಸೌಪರ್ಣಿಕಾ, ಕುಬ್ಜಾ, ಚಕ್ರಾ, ವಾರಾಹಿ, ಖೇಟಾ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯೆನಿಸಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ಗಂಗೊಳ್ಳಿ ಬಂದರಿದೆ. ಒಳನಾಡಿಗೆ ಸ್ವಲ್ಪ ದೂರದಲ್ಲಿರುವ ಬಸರೂರು ಮಧ್ಯಯುಗದ ಪ್ರಸಿದ್ಧ ವ್ಯಾಪಾರಸ್ಥಳ. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೊಸ ಬಸರೂರು ಬಾರಕೂರುಗಳ ಅಕ್ಕಿಯ ವ್ಯಾಪಾರವನ್ನು ಹೇಳಿದ್ದಾನೆ. 1569ರಲ್ಲಿ ಬಸರೂರು ಪೋರ್ಚುಗೀಸರ ವಶವಾಯಿತು. ಇದೇ ಸೀಮೆಯಲ್ಲಿ ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಅಮೃತೇಶ್ವರಿ ಮೊದಲಾದ ಬಡಗುತಿಟ್ಟಿನ ಮೇಳಗಳು ಬೆಳೆದುವು. ಸಮುದ್ರಮಾರ್ಗವೂ ಘಟ್ಟದ ದಾರಿಗಳೂ ಕೂಡುವ ಇಂಥ ಪ್ರದೇಶದಲ್ಲಿ ಸ್ಥಳೀಯ ವೇಷಕ್ಕೆ ಸ್ಥಳೀಯ ಬಟ್ಟೆಯೇ ಬಳಕೆಯಾಗಿರಬೇಕೆಂದು ಮೊದಲೇ ಭಾವಿಸಿಕೊಳ್ಳುವುದು ಸರಿಯಲ್ಲ. ಮಗ್ಗದ ಬಟ್ಟೆಯ ಜೊತೆಗೆ ಹೊರಗಿನ ಬಟ್ಟೆಯೂ ಚೌಕಿಯ ಪೆಟ್ಟಿಗೆಯನ್ನು ಸೇರಿರುವ ಸಂಭವ ಹೆಚ್ಚು.

೧. ವೇಷದಲ್ಲಿ ಬಟ್ಟೆಯ ಸ್ಥಾನ

ಬಡಗುತಿಟ್ಟಿನ ಪುರುಷವೇಷದಲ್ಲಿ ಮುಖ್ಯವಾದ ಬಟ್ಟೆಗಳು ಮೂರು. ಮೊದಲನೆಯದು ಸೊಂಟದಿಂದ ಕೆಳಗೆ ಕಚ್ಚೆಯಾಗಿ ಉಡುವ ಚೌಕಳಿಯ ಸೀರೆ. ಕೆಂಪು ಹಳದಿಗಳ ಚೌಕಳಿ ಈ ತಿಟ್ಟಿನ ಗುರುತೆಂಬಂತೆ ಪ್ರಸಿದ್ಧವಾಗಿದೆ. ಎರಡನೆಯದು ಮೈಮೇಲೆ ತೊಡುವ ದಗಲೆ. ಇದರಲ್ಲಿ ಕೆಂಪು, ಹಸುರು, ಕಪ್ಪು ಬಣ್ಣಗಳನ್ನು ಕಾಣುತ್ತೇವೆ. ಮೂರನೆಯದು ತಲೆಗೆ ಕಟ್ಟುವ ಮುಂಡಾಸಿನ ಬಟ್ಟೆ. ಹುಲ್ಲಿನ ಅಟ್ಟೆಗಳನ್ನು ತಲೆಯ ಮೇಲೆ ಬಿಗಿದು, ಅವುಗಳ ಮೇಲೆ ಬಟ್ಟೆಯನ್ನು ಸುತ್ತಿ, ಜರಿಯ ಪಟ್ಟಿಗಳಿಂದ ಅಲಂಕರಿಸುವ ಈ ಮುಂಡಾಸನ್ನು ಪ್ರತಿ ರಾತ್ರಿಯೂ ಹೊಸದಾಗಿ ಕಟ್ಟಬೇಕಾಗುತ್ತದೆ. ಭುಜಕೀರ್ತಿ, ಎದೆಕಟ್ಟು, ಡಾಬು ಮೊದಲಾದ ಆಭರಣಗಳು ಹಗುರವಾದ ಮರದಲ್ಲಿ ಕೊರೆದು ಬೇಗಡೆ ಹಚ್ಚಿದುವು.

ಇವುಗಳಲ್ಲಿ ಆಭರಣಗಳು ತಲೆಮಾರುಗಳ ಕಾಲ ಉಳಿಯುತ್ತವೆ. ಬಟ್ಟೆ ಉಳಿಯುವುದಿಲ್ಲ. ಇರುಳಿಡೀ ಕುಣಿಯುವವನ ಬೆವರು, ಬೆಳಗಿನ ಬಿಸಿಲಿನಲ್ಲಿ ಒಣಹಾಕುವುದು, ಮುಖಕ್ಕೆ ಹಚ್ಚುವ ಬಣ್ಣದ ಎಣ್ಣೆ, ಮೇ ತಿಂಗಳ ಕೊನೆಗೆ ತಿರುಗಾಟ ಮುಗಿದ ಮೇಲೆ ಕರಾವಳಿಯ ಮಳೆಗಾಲದ ತೇವ, ಹುಳುಗಳ ಬಾಧೆ, ಇವೆಲ್ಲವೂ ಸೇರಿ ಬಟ್ಟೆಯನ್ನು ಕೆಲವೇ ವರ್ಷಗಳಲ್ಲಿ ಸವೆಸಿಬಿಡುತ್ತವೆ. ಹರಿದ ದಗಲೆ ಮತ್ತೊಂದು ದಗಲೆಯ ಒಳಪದರವಾಗುತ್ತದೆ. ಹರಿದ ಸೀರೆ ಅಟ್ಟೆಯ ಹೊದಿಕೆಯಾಗುತ್ತದೆ. ಆದಕಾರಣ ಹಳೆಯ ವೇಷದ ಬಟ್ಟೆಯನ್ನು ಅರಸುವವರು ಪೂರ್ಣವಸ್ತ್ರಕ್ಕಿಂತ ಇಂಥ ಒಳಪದರಗಳನ್ನೂ ಹೊಲಿಗೆಯ ಮಡಿಕೆಗಳನ್ನೂ ನೋಡುವುದು ಹೆಚ್ಚು ಫಲಕಾರಿ. ಬೆಳಕು ಸೋಕದ ಮಡಿಕೆಯಲ್ಲಿ ಮೂಲದ ಬಣ್ಣ ಬಹುಕಾಲ ಉಳಿದಿರುತ್ತದೆ.

೨. ಆಧಾರಗಳೂ ಅವುಗಳ ಮಿತಿಯೂ

ಪ್ರತಿರೂಪ ರಚಿಸುವವರು ಸಾಮಾನ್ಯವಾಗಿ ಮೊದಲು ಮೊರೆಹೋಗುವುದು ಹಳೆಯ ಭಾವಚಿತ್ರಗಳಿಗೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಛಾಯಾಗ್ರಹಣದ ಫಲಕಗಳಿಗೆ ಕೆಂಪು ಬೆಳಕನ್ನು ಗ್ರಹಿಸುವ ಶಕ್ತಿ ಇರಲಿಲ್ಲ. ಆದ್ದರಿಂದ ಅಂಥ ಚಿತ್ರದಲ್ಲಿ ಕೆಂಪು ದಗಲೆ ಕಪ್ಪಾಗಿಯೇ ಕಾಣುತ್ತದೆ. ನೀಲಿ ಬಟ್ಟೆ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಚೌಕಳಿಯ ಅಳತೆ, ಅಂಚಿನ ಅಗಲ, ನೆರಿಗೆ ಬೀಳುವ ರೀತಿ, ಇವಿಷ್ಟಕ್ಕೆ ಭಾವಚಿತ್ರ ಪ್ರಮಾಣವಾಗಬಲ್ಲುದು. ಬಣ್ಣದ ವಿಷಯದಲ್ಲಿ ಅದೊಂದನ್ನೇ ನಂಬಿ ಕಪ್ಪು ದಗಲೆಯನ್ನು ಹೊಲಿಸುವುದು ಯುಕ್ತವಲ್ಲ.

ಎರಡನೆಯ ಆಧಾರ ಬಟ್ಟೆಯ ತುಂಡೇ. ಅದರ ಕಾಲವನ್ನು ನಿಖರವಾಗಿ ಹೇಳಲಾಗದಿದ್ದರೂ ಯಾವ ಕಾಲಕ್ಕಿಂತ ಹಿಂದಿನದಲ್ಲ ಎಂದು ಹೇಳಲು ಕೆಲವು ಸಾಧನಗಳಿವೆ. ದಕ್ಷಿಣ ಭಾರತದಲ್ಲಿ ಕೆಂಪಿಗೆ ಬೇರುಗಳಿಂದಲೂ ಪತಂಗದ ಚಕ್ಕೆಯಿಂದಲೂ, ಹಳದಿಗೆ ಅರಿಸಿನದಿಂದಲೂ, ನೀಲಿಗೆ ನೀಲಿಗಿಡದಿಂದಲೂ ಬಣ್ಣ ತೆಗೆಯುತ್ತಿದ್ದರು. ಕಪ್ಪಿಗೆ ಅಳಲೆಕಾಯಿ ಮತ್ತು ಕಬ್ಬಿಣವನ್ನು ಬಳಸುತ್ತಿದ್ದರು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದನು. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಎಂಬವರು ಮಂಜಿಷ್ಠದ ಕೆಂಪಾದ ಅಲಿಜರಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಕೃತಕ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂದಿತು. ಆದಕಾರಣ ಪರೀಕ್ಷೆಯಲ್ಲಿ ಕೃತಕ ಬಣ್ಣವೆಂದು ಸಿದ್ಧವಾದ ಬಟ್ಟೆಯನ್ನು 19ನೆಯ ಶತಮಾನದ ಮಧ್ಯಕ್ಕಿಂತ ಹಿಂದಕ್ಕೆ ಒಯ್ಯಲಾಗದು.

ನೂಲಿನ ಸಾಕ್ಷ್ಯವೂ ಹೀಗೆಯೇ. ಕೈನೂಲಿನಲ್ಲಿ ದಪ್ಪ ತೆಳುವು ಒಂದೇ ಸಮನಾಗಿರುವುದಿಲ್ಲ. ಗಿರಣಿಯ ನೂಲು ಸಮವಾಗಿರುತ್ತದೆ. ಪಾಲಿಯೆಸ್ಟರ್ ನಾರನ್ನು ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು 1941ರಲ್ಲಿ ಕಂಡುಹಿಡಿದರು. ಒಂದು ಎಳೆಯನ್ನು ಉರಿಗೆ ಹಿಡಿದರೆ ಹತ್ತಿ ಸುಟ್ಟ ಕಾಗದದ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಕಾಲೇಜಿನ ವಿದ್ಯಾರ್ಥಿಗಳೂ ಮಾಡಬಹುದಾದ ಈ ಸರಳ ಪರೀಕ್ಷೆಯಿಂದಲೇ ‘ಅಜ್ಜನ ಕಾಲದ ವೇಷ’ವೆಂಬ ಅನೇಕ ಹೇಳಿಕೆಗಳ ನಿಜಸ್ಥಿತಿ ತಿಳಿಯಬಹುದು.

೩. ‘ಮೂಲ’ವೆಂದರೆ ಯಾವುದು?

ವೇಷದ ಮೂಲ ಬಟ್ಟೆಯನ್ನು ಹುಡುಕುವ ಉದ್ಯಮ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಪಾಶ್ಚಾತ್ಯ ದೇಶಗಳಲ್ಲಿ ವೈಜ್ಞಾನಿಕ ಕಲ್ಪನೆಯ ಚಲನಚಿತ್ರಗಳ ಉಡುಪುಗಳಿಗೆ ಪ್ರತಿರೂಪ ರಚಿಸುವ ಹವ್ಯಾಸಿಗಳು ಮೂಲದ ಬಟ್ಟೆಯ ನೇಯ್ಗೆಯನ್ನೂ ತೂಕವನ್ನೂ ಎಳೆ ಎಳೆಯಾಗಿ ವಿಚಾರಿಸುತ್ತಾರೆ. 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಜಾನ್ ಮೋಲೊ ರಚಿಸಿದ ಉಡುಪುಗಳು ಇದಕ್ಕೆ ಒಳ್ಳೆಯ ನಿದರ್ಶನ. ಕಥೆ ಕಾಲ್ಪನಿಕವಾದರೂ ಬಟ್ಟೆ ಕಾಲ್ಪನಿಕವಲ್ಲ; ಅನ್ಯಲೋಕದವನ ನಿಲುವಂಗಿಯನ್ನೂ ಈ ಲೋಕದ ಮಗ್ಗದಲ್ಲೇ ನೇಯಬೇಕಷ್ಟೆ. ಅಲ್ಲಿ ಒಂದು ಅನುಕೂಲವಿದೆ. ಚಿತ್ರಕ್ಕೆ ಬಳಸಿದ ಉಡುಪನ್ನು ‘ಇದೇ ಮೂಲ’ ಎಂದು ಬೊಟ್ಟುಮಾಡಿ ತೋರಿಸಬಹುದು. ನಮ್ಮ ಗಂಧರ್ವ ರಾಕ್ಷಸ ಕಿರಾತರಿಗೆ ಅಂಥ ಒಂದೇ ಮೂಲವಿಲ್ಲ. ಒಬ್ಬ ಕಿರಾತನ ಹಿಂದೆ ನೂರು ಕಿರಾತರಿದ್ದಾರೆ. ಒಬ್ಬೊಬ್ಬನೂ ತನ್ನ ಕಾಲದ ಅಂಗಡಿಯಲ್ಲಿ ದೊರೆತ ಬಟ್ಟೆಯನ್ನು ತೊಟ್ಟವನು.

ಆ ಅಂಗಡಿಯೂ ಬದಲಾಗುತ್ತಲೇ ಬಂದಿತು. 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹಾಲರ್ ಐರೋಪ್ಯ ರೀತಿಯ ಮಗ್ಗವನ್ನು ಈ ಕರಾವಳಿಗೆ ತಂದನು. ಖಾಕಿ ಬಣ್ಣವನ್ನು ಸಿದ್ಧಪಡಿಸಿದ ಖ್ಯಾತಿಯೂ ಅವನಿಗಿದೆ. ಮುಂದೆ ಮುಂಬಯಿಯ ಗಿರಣಿಗಳ ಬಟ್ಟೆ ಕರಾವಳಿಯ ಪೇಟೆಗಳನ್ನು ತುಂಬಿತು. 20ನೆಯ ಶತಮಾನದಲ್ಲಿ ನಾಟಕ ಕಂಪೆನಿಗಳ ಪ್ರಭಾವದಿಂದ ಮಖಮಲ್ಲೂ ಹೊಳೆಯುವ ಬಟ್ಟೆಯೂ ಡೇರೆಮೇಳಗಳ ರಂಗಸ್ಥಳಕ್ಕೆ ಬಂದುವು. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಈ ಅನುಕರಣೆಯನ್ನು ಒಪ್ಪಲಿಲ್ಲ. 1957ರಲ್ಲಿ ಅವರ ‘ಯಕ್ಷಗಾನ ಬಯಲಾಟ’ ಗ್ರಂಥ ಪ್ರಕಟವಾಯಿತು. 1970ರ ದಶಕದಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಯಕ್ಷಗಾನ ಕೇಂದ್ರದ ಮೂಲಕ ಸಾಂಪ್ರದಾಯಿಕ ವೇಷಗಳಿಗೆ ಮತ್ತೆ ಮನ್ನಣೆ ದೊರೆಯುವಂತೆ ಅವರು ಶ್ರಮಿಸಿದರು. ಮಾರ್ಥಾ ಆಷ್ಟನ್ ಮತ್ತು ಬ್ರೂಸ್ ಕ್ರಿಸ್ಟಿ ಅವರು 1977ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವೂ ಬಡಗುತಿಟ್ಟಿನ ವೇಷಭೂಷಣವನ್ನು ವಿವರವಾಗಿ ದಾಖಲಿಸಿದೆ. ಆದರೆ ಈ ದಾಖಲೆಗಳು 20ನೆಯ ಶತಮಾನದ ದಾಖಲೆಗಳು. ಅವುಗಳನ್ನು ಅನುಸರಿಸಿದ ಪ್ರತಿರೂಪವನ್ನು ಅನಾದಿಕಾಲದ ವೇಷವೆಂದು ಕರೆಯದೆ ಆ ಕಾಲದ ವೇಷವೆಂದೇ ಕರೆಯುವುದು ನ್ಯಾಯ.

ಹಾಗಾದರೆ ಮೂಲವೆಂಬ ಮಾತಿಗೆ ಅರ್ಥವೇ ಇಲ್ಲವೆ? ಇದೆಯೆಂದು ನಮ್ಮ ಅಭಿಪ್ರಾಯ. ಅದು ಒಂದು ವರ್ಷದಲ್ಲಿಲ್ಲ, ಬಟ್ಟೆ ಮಾಡುವ ಕೆಲಸದಲ್ಲಿದೆ. ಗಂಜಿ ಹಾಕಿದ ಹತ್ತಿಯ ಸೀರೆ ಕಚ್ಚೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಬೆವರನ್ನು ಹೀರುತ್ತದೆ, ಮಂಡಿ ಹಾಕಿ ಸುತ್ತುವಾಗ ಬಿಗಿ ಸಡಿಲುವುದಿಲ್ಲ. ನುಣುಪಾದ ಕೃತಕ ಬಟ್ಟೆಯ ಗಂಟು ಜಾರುತ್ತದೆ. ಬೆವರು ಮೈಯಲ್ಲೇ ನಿಲ್ಲುತ್ತದೆ. ಬಣ್ಣದ ಮಾತೂ ಹೀಗೆಯೇ. ದೀವಟಿಗೆಯ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಕೆಂಪು ಹಳದಿಗಳು ಅಲ್ಲಿ ಉಜ್ಜ್ವಲವಾಗಿ ಕಾಣುತ್ತವೆ, ಕಪ್ಪು ಹಿಂದೆ ಸರಿದು ಬೇಗಡೆಯ ಆಭರಣವನ್ನು ಎತ್ತಿ ತೋರಿಸುತ್ತದೆ. ಗ್ಯಾಸ್‌ಲೈಟೂ ವಿದ್ಯುದ್ದೀಪವೂ ಬಂದ ಮೇಲೆ ಅದೇ ಬಟ್ಟೆ ಬೇರೆಯಾಗಿ ಕಾಣತೊಡಗಿತು. ಆದಕಾರಣ ಬಣ್ಣದ ಮಾದರಿಯನ್ನು ಅಂಗಡಿಯ ಬೆಳಕಿನಲ್ಲಿ ಮಾತ್ರ ಹೋಲಿಸಿ ತೃಪ್ತರಾಗದೆ ಎಣ್ಣೆಯ ದೀಪದೆದುರಿನಲ್ಲಿಯೂ ಹೋಲಿಸಿ ನೋಡಬೇಕು.

೪. ಉಪ್ಪಿನಕುದ್ರುವಿನ ಗೊಂಬೆಗಳು ಕಲಿಸುವ ಪಾಠ

ಗಂಗೊಳ್ಳಿಯ ಸಮೀಪದ ನದೀದ್ವೀಪವಾದ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಸೂತ್ರದ ಗೊಂಬೆಯಾಟ ಈ ಚರ್ಚೆಗೆ ಅಪೂರ್ವವಾದ ಸಾಮಗ್ರಿಯನ್ನು ಒದಗಿಸುತ್ತದೆ. ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರಕ್ಕೆ ಪಾತ್ರರಾದ ಕೊಗ್ಗ ಕಾಮತರ ಹೆಸರು ಸರ್ವವಿದಿತ. ಈ ಗೊಂಬೆಗಳು ತೊಡುವುದು ಬಡಗುತಿಟ್ಟಿನ ವೇಷವನ್ನೇ. ಎಂದರೆ ಒಂದೊಂದು ಗೊಂಬೆಯೂ ಒಂದು ಪ್ರತಿರೂಪ.

ಗೊಂಬೆಯ ಎತ್ತರ ಸುಮಾರು 18 ಅಂಗುಲ. ವೇಷಧಾರಿಯದು ಸುಮಾರು 66 ಅಂಗುಲವೆಂದಿಟ್ಟುಕೊಳ್ಳೋಣ. ವೇಷಧಾರಿಯ ಸೀರೆಯಲ್ಲಿ ಒಂದು ಅಂಗುಲವಿದ್ದ ಚೌಕಳಿ ಗೊಂಬೆಯ ಮೈಮೇಲೆ ಕಾಲಂಗುಲಕ್ಕೆ ಇಳಿದರೆ ಮಾತ್ರ ಪ್ರಮಾಣ ಸರಿಹೋಗುತ್ತದೆ. ಅದೇ ಮಗ್ಗದ ಅದೇ ಸೀರೆಯನ್ನು ಕತ್ತರಿಸಿ ಗೊಂಬೆಗೆ ಉಡಿಸಿದರೆ ವಸ್ತು ನಿಜವಾದರೂ ನೋಟ ಸುಳ್ಳಾಗುತ್ತದೆ; ದಪ್ಪ ಬಟ್ಟೆ ಸಣ್ಣ ಮೈಯ ಮೇಲೆ ನೆರಿಗೆ ಬೀಳದೆ ಸೆಟೆದು ನಿಲ್ಲುತ್ತದೆ. ಬೇರೆ ತೆಳು ಬಟ್ಟೆಯನ್ನು ಹಾಕಿದರೆ ನೋಟ ನಿಜವಾಗಿ ವಸ್ತು ಬೇರೆಯಾಗುತ್ತದೆ. ವಸ್ತುವಿನ ಪ್ರಾಮಾಣ್ಯ ಬೇರೆ, ನೋಟದ ಪ್ರಾಮಾಣ್ಯ ಬೇರೆ ಎಂಬುದು ಇದರಿಂದ ವೇದ್ಯವಾಗುತ್ತದೆ. ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವ ಪ್ರತಿರೂಪಕ್ಕೂ, ಕುಣಿಯುವ ವಿದ್ಯಾರ್ಥಿ ತೊಡುವ ಪ್ರತಿರೂಪಕ್ಕೂ, ದಾರದಲ್ಲಿ ಕುಣಿಸುವ ಗೊಂಬೆಯ ಪ್ರತಿರೂಪಕ್ಕೂ ಒಂದೇ ನಿಯಮವನ್ನು ಹೇರಲಾಗದು. ಯಾವುದರಲ್ಲಿ ಏನನ್ನು ಉಳಿಸಿಕೊಂಡಿದ್ದೇವೆ, ಏನನ್ನು ಬಿಟ್ಟಿದ್ದೇವೆ ಎಂಬುದನ್ನು ಬರೆದಿಡುವುದೇ ಇಲ್ಲಿ ಮುಖ್ಯ.

೫. ಬಟ್ಟೆಯನ್ನು ದೊರಕಿಸಿಕೊಳ್ಳುವ ಬಗೆ

ಹಳೆಯ ರೀತಿಯ ಚೌಕಳಿಯ ಬಟ್ಟೆಯನ್ನು ಅಂಗಡಿಯಲ್ಲಿ ಕೊಳ್ಳುವುದು ಸುಲಭವಲ್ಲ, ನೇಯಿಸಬೇಕಾಗುತ್ತದೆ. ನೇಯ್ಗೆಯ ಸಂಪ್ರದಾಯ ಈ ಜಿಲ್ಲೆಗಳಲ್ಲಿ ಇನ್ನೂ ಅಳಿದಿಲ್ಲ. ಪದ್ಮಶಾಲಿ ಸಮುದಾಯದವರು ಮುಖ್ಯವಾಗಿ ಉಳಿಸಿಕೊಂಡು ಬಂದ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ, ಕದಿಕೆ ಟ್ರಸ್ಟಿನ ನೆರವಿನೊಡನೆ, ಆ ಸೀರೆಯ ಪುನರುಜ್ಜೀವನದ ಕಾರ್ಯ ನಡೆದಿದೆ. ಗಂಜಿ ಹಾಕಿದ ಹತ್ತಿಯ ನೂಲು, ಚೌಕಳಿಯ ಒಡಲು, ಇವೆರಡೂ ಆ ಕೈಗಳಿಗೆ ಪರಿಚಿತವಾದುವು.

ಆದರೆ ಇಲ್ಲಿ ಒಂದು ತೊಡಕಿದೆ. ನೇಕಾರನು ಒಂದು ಸೀರೆಗಾಗಿ ಹಾಸು ಹೂಡಲಾರ. ನೂಲಿಗೆ ಬಣ್ಣ ಹಾಕಿ, ಎಳೆಗಳನ್ನು ಎಣಿಸಿ, ಹಾಸನ್ನು ಮಗ್ಗಕ್ಕೇರಿಸುವ ಶ್ರಮ ಒಂದು ಸೀರೆಗೂ ಹಲವು ಸೀರೆಗಳಿಗೂ ಬಹುಮಟ್ಟಿಗೆ ಒಂದೇ. ಒಂದು ಕಾಲೇಜು ಒಂದು ವೇಷಕ್ಕಾಗಿ ಕೇಳಿದರೆ ಬೆಲೆ ಕೈಗೆಟುಕುವುದಿಲ್ಲ. ಆಗ ಪೇಟೆಯ ಕೃತಕ ಬಟ್ಟೆಯೇ ಗತಿಯಾಗುತ್ತದೆ. ಹಲವು ಕಾಲೇಜುಗಳೂ ಮೇಳಗಳೂ ಸಂಗ್ರಹಾಲಯಗಳೂ ಒಟ್ಟುಗೂಡಿ ಒಂದು ಹಾಸಿನ ಪೂರ್ತಿ ಬಟ್ಟೆಯನ್ನು ಕೊಳ್ಳುವುದೊಂದೇ ಇದಕ್ಕೆ ಪರಿಹಾರವೆಂದು ತೋರುತ್ತದೆ. ಹೀಗೆ ನೇಯಿಸಿದ ಪ್ರತಿ ಬಟ್ಟೆಯಿಂದ ಒಂದು ಗೇಣು ತುಂಡನ್ನು ಉಡದೆ, ಬೆಳಕಿಗೊಡ್ಡದೆ, ನೂಲಿನ ಅಂಕ, ಅಂಗುಲಕ್ಕೆ ಎಳೆಗಳ ಸಂಖ್ಯೆ, ಬಣ್ಣದ ವಿವರ, ನೇಯ್ದ ವರ್ಷ, ಇವುಗಳೊಡನೆ ಕಾದಿಡಬೇಕು.

ಮೇಲ್ಕಂಡ ವಿವೇಚನೆಯಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಪ್ರತಿರೂಪವು ಯಾವ ಕಾಲದ ವೇಷದ್ದೆಂದು ಮೊದಲೇ ನಿರ್ಧರಿಸಿ ಹೇಳಬೇಕು. ಎರಡನೆಯದಾಗಿ, ಬಣ್ಣ, ನೂಲು, ಚೌಕಳಿಯ ಅಳತೆ, ಇವು ಒಂದೊಂದಕ್ಕೂ ಆಧಾರ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಮೂರನೆಯದಾಗಿ, ಬಟ್ಟೆಯ ಚರಿತ್ರೆ ನೇಕಾರನ ಜೀವನದಿಂದ ಬೇರೆಯಾದುದಲ್ಲ. ಇಂದು ಹೊಳೆಯುವ ಕೃತಕ ಬಟ್ಟೆಯಿಂದ ರಚಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ವೇಷವೇ ಐವತ್ತು ವರ್ಷಗಳ ಅನಂತರ ಬರುವ ವಿದ್ಯಾರ್ಥಿಗೆ ಸಾಕ್ಷ್ಯವಾಗಿ ನಿಲ್ಲುತ್ತದೆ. ಅವನು ಅದನ್ನು ನಂಬಿಯೇ ನಂಬುತ್ತಾನೆ. ಅವನಿಗೆ ಸರಿಯಾದ ಸಾಕ್ಷ್ಯವನ್ನು ಬಿಟ್ಟುಹೋಗಬೇಕಾದರೆ ಮಗ್ಗದ ಸದ್ದು ಇನ್ನೂ ಕೇಳಿಬರುತ್ತಿರುವ ಈಗಲೇ ಆ ಕಾರ್ಯ ನಡೆಯಬೇಕು.